ಗೌರಿಯ ಪಾಲಿನ ರೊಟ್ಟಿ

ರೊಟ್ಟಿ ಬಡಿಯುವ ಸದ್ದು ಶುರುವಾಯಿತೆಂದರೆ ನಳಿನಿಗೆ ತಲೆ ಸಿಡಿಯುತ್ತಿತ್ತು. ಡಲ್ಲಾಸ್ ಬಳಿಯ ಲೂಯಿಸ್‌ವಿಲ್ ದಾಟಿ ಉತ್ತರಕ್ಕೆ ಹೋದರೆ ಸಿಗುವ ಐದೆಕರೆಯ ರ‍್ಯಾಂಚ್‌ನಲ್ಲಿ ಅವರ ಮನೆ. ಅಲ್ಲಿನ ಅಡುಗೆಮನೆಯಲ್ಲಿ ಬೇಕಾದರೆ ಒಂದು ನಾಮಕರಣದ ಊಟ ಹಾಕಿಸಬಹುದು. ಆದರೂ ಇಬ್ಬರು ಹೆಂಗಸರಿಗೆ ಜಾಗ ಸಾಲುತ್ತಿರಲಿಲ್ಲ. ಧಾರವಾಡದ ಅತ್ತೆ ಜಯದೇವಿಯವರು ಕಟ್ಟೆಯ ತುಂಬ ಜೋಳದ ಹಿಟ್ಟು ಹಾರಿಸುತ್ತಿದ್ದರು, ಮೈಸೂರಿನ ಸೊಸೆ ನಳಿನಿ ಒದ್ದೆ ಬಟ್ಟೆ ಹಿಡಿದು ಹಿಂದಿನಿಂದಲೇ ಒರೆಸುತ್ತಿದ್ದಳು.

"ಅತ್ತೆ, ಕೆಳಗೆ ಒಂದು ಪೇಪರ್ ಹಾಕ್ಕೊಳ್ಳಿ. ಹಿಟ್ಟು ನನ್ನ ಲ್ಯಾಪ್‌ಟಾಪ್ ಮೇಲೆಲ್ಲ ಕೂತಿದೆ."

"ಲ್ಯಾಪ್‌ಟಾಪ್ ಅಡಗಿಮನ್ಯಾಗ ಯಾಕ ತಂದಿ?"

"ನಾನು ಕೆಲಸ ಮಾಡೋದು ಇಲ್ಲೇ ಕೂತ್ಕೊಂಡು ಅಲ್ವಾ?"

"ನಾನೂ ಇಲ್ಲಿ ಕೆಲಸಾನ ಮಾಡಾಕತ್ತೀನಿ."

ಮಾತು ಅಲ್ಲಿಗೆ ನಿಲ್ಲುತ್ತಿತ್ತು. ನಳಿನಿಯ ಆಫೀಸು ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ. ವಾರದಲ್ಲಿ ಎರಡು ದಿನ ಮಾತ್ರ ಹೋಗಬೇಕಿತ್ತು; ಉಳಿದ ದಿನ ಮನೆಯಿಂದಲೇ. ಆ ಎರಡು ದಿನಕ್ಕಾಗಿ ಅವಳು ಹಬ್ಬಕ್ಕೆ ಕಾದಂತೆ ಕಾಯುತ್ತಿದ್ದಳು.

ಮೊದಲು ಬೆಂದ ರೊಟ್ಟಿಯನ್ನು ಜಯದೇವಿಯವರು ಯಾರಿಗೂ ಬಡಿಸುತ್ತಿರಲಿಲ್ಲ. ಅದನ್ನು ಬೇರೆ ತಟ್ಟೆಯಲ್ಲಿಟ್ಟು, ಮೇಲೊಂದು ದೊಡ್ಡ ಅಚ್ಚು ಬೆಲ್ಲ ಇಡುತ್ತಿದ್ದರು. ಮೊದಲ ರೊಟ್ಟಿ ಮನೆಯ ಮೂಕ ಜೀವಕ್ಕೆ ಹೋಗಬೇಕು, ಆಮೇಲೆ ಮಾತು ಬರುವವರು ಉಣ್ಣಬೇಕು ಎಂಬುದು ಅವರ ಅತ್ತೆ ಕಲಿಸಿದ ಕ್ರಮ. ಧಾರವಾಡದಲ್ಲಿ ಬಾಗಿಲಿಗೇ ಆಕಳು ಬರುತ್ತಿತ್ತು. ಇಲ್ಲಿಗೆ ಬಂದ ಹೊಸದರಲ್ಲಿ ಬೇಲಿಯಾಚೆಯ ನೆರೆಮನೆಯವನ ದನಗಳಿಗೆ ಕೊಡುತ್ತಿದ್ದರು. ಒಂದು ದಿನ ಲಾರಿ ಬಂದು ಅಷ್ಟೂ ದನಗಳನ್ನು ಹೇರಿಕೊಂಡು ಹೋಯಿತು. ಎಲ್ಲಿಗೆ ಎಂದು ಮಗ ಶ್ರೀಶೈಲ್ ಹೇಳಿದಾಗ ಜಯದೇವಿಯವರು ಆ ದಿನ ಊಟ ಬಿಟ್ಟರು. ಮರುದಿನದಿಂದ ಆ ಬೇಲಿಯ ಕಡೆ ಹಾಯಲಿಲ್ಲ.

ಉಳಿದ ಮೂಕ ಜೀವ ಒಂದೇ, ಲಾಯದಲ್ಲಿದ್ದ ಬೂದುಬಿಳಿ ಹೆಣ್ಣು ಕುದುರೆ. ಅದು ಮೊಮ್ಮಗಳು ಮಾನ್ಯಾಳದು. ಅವಳು ಇಟ್ಟ ಹೆಸರು ಬಿಸ್ಕಿಟ್. ಹುಡುಗಿ ಬೆಳೆದದ್ದೇ ಅದರ ಬೆನ್ನ ಮೇಲೆ. ಓದಲು ಆಸ್ಟಿನ್‌ಗೆ ಹೊರಟಾಗ ಅಪ್ಪ ಅಮ್ಮನನ್ನು ತಬ್ಬಿಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಅದರ ಕುತ್ತಿಗೆ ತಬ್ಬಿಕೊಂಡು ನಿಂತಿದ್ದಳು. ಜಯದೇವಿಯವರಿಗೆ ಬಿಸ್ಕಿಟ್ ಎಂದು ಕರೆಯಲು ಮನಸ್ಸು ಬರಲಿಲ್ಲ. ಗೌರಿ ಎಂದರು. ಕುದುರೆ ಎರಡಕ್ಕೂ ಓಗೊಡುತ್ತಿತ್ತು.

ಹೊರಡುವ ಮೊದಲು ಮಾನ್ಯಾ ಅಪ್ಪ ಅಮ್ಮನನ್ನು ಊಟದ ಮೇಜಿಗೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಪಾಠ ಮಾಡಿದ್ದಳು. ಕುದುರೆಗೆ ವಯಸ್ಸಾಗಿದೆ. ಅದಕ್ಕೂ ಅಜ್ಜಿಗಿರುವಂಥದೇ ಸಕ್ಕರೆ ಕಾಯಿಲೆ ಅಂದುಕೊಳ್ಳಿ. ಒಣಹುಲ್ಲನ್ನು ನೀರಲ್ಲಿ ನೆನೆಸಿ ಕೊಡಬೇಕು, ಹಸಿರು ಹುಲ್ಲಿಗೆ ಬಿಟ್ಟರೆ ಬಾಯಿಗೆ ಬುಟ್ಟಿ ಕಟ್ಟಬೇಕು. ಸಿಹಿ ಅಂತೂ ಒಂದು ಚೂರೂ ಕೂಡದು. ಸಿಹಿ ಹೆಚ್ಚಾದರೆ ಗೊರಸಿನೊಳಗೆ ಬಾವು ಬರುತ್ತದೆ, ಕಾಲು ಹೋಗುತ್ತದೆ, ಕಾಲು ಹೋದರೆ ಕುದುರೆ ಹೋದಂತೆ.

"ಅಜ್ಜಿಗೂ ಹೇಳಿ," ಎಂದಿದ್ದಳು. "ನಾನು ಹೇಳಿದರೆ ಅವರಿಗೆ ಅರ್ಥವಾಗುವುದಿಲ್ಲ."

ಹೆಂಡತಿ ಹೇಳುತ್ತಾಳೆ ಎಂದು ಶ್ರೀಶೈಲ್ ಸುಮ್ಮನಾದ. ಅವನ ತಾಯಿ, ಅವನೇ ಹೇಳಲಿ ಎಂದು ನಳಿನಿ ಸುಮ್ಮನಾದಳು. ಒಂದು ವಾರ ಶ್ರೀಶೈಲ್ ಹುಲ್ಲು ನೆನೆಸಿದ. ಎರಡನೆಯ ವಾರ ಬಕೆಟ್ಟು ಭಾರ ಎಂದ. ಆಮೇಲೆ ಕುದುರೆಯ ಕೆಲಸ ತಾನಾಗಿ ಅವನ ತಾಯಿಯ ಕೈಗೆ ಬಂತು. ಲಾಯ ಗುಡಿಸುವುದು, ಮೈ ಉಜ್ಜುವುದು, ನೀರು ತುಂಬುವುದು ಎಲ್ಲ ಅವರದೇ. ಬಾಯಿಗೆ ಕಟ್ಟುವ ಬುಟ್ಟಿ ಯಾಕೆಂದು ಯಾರೂ ಹೇಳಿರಲಿಲ್ಲ; ಅದನ್ನು ಕಟ್ಟಲು ಮಾತ್ರ ಅವರು ಒಪ್ಪಲಿಲ್ಲ. ಹಸಿದ ಪ್ರಾಣಿಯ ಬಾಯಿ ಕಟ್ಟುವುದು ಪಾಪ ಎಂದು ಬುಟ್ಟಿಯನ್ನು ಗೋಡೆಗೆ ತೂಗುಹಾಕಿದರು.

ಸಂಕ್ರಾಂತಿ ಕಳೆದ ಮೇಲೆ ಮೊದಲ ರೊಟ್ಟಿಯೂ ಅಲ್ಲಿಗೇ ಹೊರಟಿತು.

ಅಡುಗೆಮನೆಯ ಕಿಟಕಿಯಿಂದ ನಳಿನಿಗೆ ಎಲ್ಲ ಕಾಣುತ್ತಿತ್ತು. ತಲೆಗೆ ಸೆರಗು ಹೊದ್ದ ಅತ್ತೆ, ಕೈಯಲ್ಲಿ ತಟ್ಟೆ, ಬೇಲಿಯ ಮೇಲಿಂದ ಚಾಚಿದ ಕುದುರೆಯ ಮೂತಿ. ಅತ್ತೆ ರೊಟ್ಟಿ ಮುರಿದು ಬೆಲ್ಲ ಒತ್ತಿ ತುತ್ತು ಮಾಡಿ ಕೊಡುತ್ತಿದ್ದರು. ಡಾಕ್ಟರು ಬೆಲ್ಲ ಬಿಡಿಸಿದ ದಿನದಿಂದ ಅವರ ಬಾಯಿ ಕೆಟ್ಟಿತ್ತು. ತಾವು ತಿನ್ನಲಾಗದ್ದನ್ನು ಇನ್ನೊಬ್ಬರು ತಿನ್ನುವುದನ್ನು ನೋಡಿಯೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು. ತಿನ್ನಿಸಿ, ಮೈ ಸವರಿ, ಏನೋ ಮಾತಾಡಿ ಬರುವಷ್ಟರಲ್ಲಿ ಇಲ್ಲಿ ನಳಿನಿ ಕಾಫಿ ಸೋಸಿಕೊಂಡು, ಕಟ್ಟೆ ಒರೆಸಿ, ಕುರ್ಚಿಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದಳು. ಇಡೀ ದಿನದಲ್ಲಿ ಅಡುಗೆಮನೆ ಅವಳದಾಗುವುದು ಆ ಹೊತ್ತಿನಲ್ಲಿ ಮಾತ್ರ. ಬೆಲ್ಲ ಕೊಡಬಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಅತ್ತೆ ಹೊರಗೆ ಹೋಗುವುದು ನಿಲ್ಲುತ್ತದೆ ಎಂಬುದೂ ಗೊತ್ತಿತ್ತು. ಇಷ್ಟು ದೊಡ್ಡ ಪ್ರಾಣಿಗೆ ಒಂದಚ್ಚು ಬೆಲ್ಲ ಯಾವ ಲೆಕ್ಕ ಎಂದು ತನಗೆ ತಾನೇ ಹೇಳಿಕೊಂಡಳು.

ಒಂದು ದಿನ ಅತ್ತೆ ಬೇಲಿಯ ಹತ್ತಿರದಿಂದ ತಿರುಗಿ ಕಿಟಕಿಯ ಕಡೆ ನೋಡಿದರು. ನಳಿನಿ ಕಾಫಿ ಲೋಟ ಎತ್ತಿ ನಕ್ಕಳು. ಜಯದೇವಿಯವರೂ ನಕ್ಕರು. ಆ ಮನೆಯಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕದ್ದು ಅಪರೂಪ.

ಊಟಕ್ಕೆ ಕೂತಾಗ ಶ್ರೀಶೈಲ್ ಹೇಳಿದ, "ಗೌರಿ ಮೈ ತುಂಬ್ಕೊಂಡಾಳ ನೋಡವ್ವ. ಮಿಂಚಾಕತ್ತಾಳ. ನಿನ್ನ ಕೈಗುಣ."

"ಪ್ರೀತೀಲೆ ನೋಡ್ಕೊಂಡ್ರ ಯಾವ ಜೀವಾನೂ ಮೈ ಹಿಡೀತೈತಿ. ಇನ್ನೊಂದ ರೊಟ್ಟಿ ಹಾಕ್ಲಿ?"

"ಹಾಕು. ಬದನೀಕಾಯಿ ಪಲ್ಯಾ ಭಾಳ ಛಲೋ ಆಗೇತಿ."

ನಳಿನಿ ಮಾಡಿದ್ದ ಹುಳಿ ಮುಚ್ಚಳ ತೆಗೆಯದೆ ಕೂತಿತ್ತು. ಅವಳು ಅದನ್ನು ತನ್ನ ಅನ್ನಕ್ಕೆ ತಾನೇ ಬಡಿಸಿಕೊಂಡಳು.

ಭಾನುವಾರ ಮಾನ್ಯಾ ವಿಡಿಯೋ ಕಾಲ್ ಮಾಡಿದಳು. ಶ್ರೀಶೈಲ್ ಫೋನನ್ನು ಲಾಯಕ್ಕೆ ಒಯ್ದು ಕುದುರೆ ತೋರಿಸಿದ. ಹುಡುಗಿಯ ನಗು ಅರ್ಧಕ್ಕೇ ನಿಂತಿತು.

"ಕುತ್ತಿಗೆ ತೋರಿಸು, ಅಪ್ಪ. ಹತ್ತಿರ. ಇದೇನು ಇಷ್ಟು ದಪ್ಪ? ಇವಳಿಗೆ ಏನು ಕೊಡುತ್ತಿದ್ದೀರಿ?"

"ಹುಲ್ಲು. ಮತ್ತೇನ್ ಕೊಡ್ತೀವಿ?"

"ನೆನೆಸಿ ಕೊಡುತ್ತಿದ್ದೀರಲ್ಲ?"

"ಹೂಂ ಹೂಂ."

"ಅಮ್ಮ, ನಿಜವಾಗಿ ಹುಲ್ಲು ಬಿಟ್ಟು ಬೇರೇನೂ ಇಲ್ಲವಾ?"

ಫೋನು ಆಗ ಅಡುಗೆಮನೆಗೆ ಬಂದಿತ್ತು. ನಳಿನಿ ಒಗ್ಗರಣೆ ಸೌಟು ಹಿಡಿದು ಒಲೆಯ ಕಡೆ ತಿರುಗಿಕೊಂಡಳು. "ನೀನು ಓದ್ಕೋ ಪುಟ್ಟ. ಇಲ್ಲಿ ಎಲ್ಲ ನೋಡ್ಕೊಳ್ತೀವಿ."

ಹಿಂದೆಯೇ ಬಂದದ್ದು ಹ್ಯೂಸ್ಟನ್‌ನ ರಾಜಗೋಪಾಲನ ಫೋನು. ಅವನು ಶ್ರೀಶೈಲನ ಹಳೆಯ ರೂಮ್‌ಮೇಟ್, ಈಗ ದೊಡ್ಡ ಡಾಕ್ಟರು. ಅವನ ಮಗ ಆಶ್ರಿತ್‌ಗೆ ಪಂಜಾಬಿ ಹುಡುಗಿಯ ಜೊತೆ ಮದುವೆ. ಹುಡುಗಿಯ ಕಡೆಯವರಿಗೆ ಬರಾತ್ ಬೇಕು, ಗಂಡು ಬಿಳಿ ಕುದುರೆ ಏರಿ ಬರಬೇಕು, ಅದೂ ಹೆಣ್ಣು ಕುದುರೆಯೇ ಆಗಬೇಕು.

"ಬಾಡಿಗೆ ಕುದುರೆ ಯಾಕ? ನಮ್ಮದೇ ಐತೆಲ್ಲ," ಎಂದುಬಿಟ್ಟ ಶ್ರೀಶೈಲ್. ರ‍್ಯಾಂಚ್ ಕೊಂಡಾಗಿನಿಂದ ಅವನ ಸ್ನೇಹಿತರು ಒಂದು ದಿನ ಬಾರ್ಬೆಕ್ಯೂಗೆ ಬಂದು, ಸೊಳ್ಳೆ ಹೊಡೆದುಕೊಂಡು ಹೋಗಿದ್ದು ಬಿಟ್ಟರೆ ಅದರ ವೈಭವವನ್ನು ಯಾರೂ ಕಂಡಿರಲಿಲ್ಲ. ಈಗ ಹ್ಯೂಸ್ಟನ್ನೇ ನೋಡಲಿ ಎಂದು ಅವನ ಆಸೆ.

ಯುಗಾದಿಯ ಹೊತ್ತಿಗೆ ಹುಲ್ಲು ಚಿಗುರಿ ಹೊಲವೆಲ್ಲ ಹಸಿರಾಯಿತು. ಕುದುರೆ ಬೆಳಗಿನಿಂದ ತಲೆ ಎತ್ತದೆ ಮೇಯಿತು. ಹಬ್ಬದ ದಿನ ಜಯದೇವಿಯವರು ರೊಟ್ಟಿಯ ಜೊತೆಗೆ ಹೋಳಿಗೆಯನ್ನೂ ಕೊಟ್ಟರು. ಆಮೇಲಿನ ಒಂದು ಮುಂಜಾನೆ ಅವರೇ ಮೊದಲು ಕಂಡುಹಿಡಿದದ್ದು.

"ಶ್ರೀಶೈಲಾ, ಗೌರಿ ನಡಿಗಿ ನೋಡು. ಸುಡು ನೆಲದ ಮ್ಯಾಲ ಇಟ್ಟಾಂಗ ಕಾಲ ಎತ್ತಿ ಎತ್ತಿ ಇಡ್ತಾಳ. ಗೊರಸ ಮುಟ್ಟಿದ್ರ ಬಿಸಿ ಬಡೀತೈತಿ."

"ಮೊನ್ನೆ ಲಾಳದವ ಬಂದು ಗೊರಸು ಕತ್ತರಿಸಿದನಲ್ಲವ್ವ, ಅದಕ್ಕ."

ನಳಿನಿ ಮೊದಲ ಬಾರಿ ಬಾಯಿ ಬಿಟ್ಟಳು. "ಕುದುರೆ ಡಾಕ್ಟರನ್ನ ಕರೆಸಿ ರೀ. ಮಾನ್ಯಾ ಹೇಳಿದ್ದು ಇದೇ ಅಲ್ವಾ?"

"ಶನಿವಾರ ಮದುವಿ ಐತಿ. ಈಗ ಡಾಕ್ಟರ್ ಬಂದ್ರ ಕುದುರಿ ಹೊರಗ ಬಿಡಬ್ಯಾಡ್ರಿ ಅಂತಾಳ. ರಾಜಗೋಪಾಲಗ ನಾ ಏನ್ ಮುಖ ತೋರಸ್ಲಿ?"

"ಅದಕ್ಕೆ ನೋವಾದ್ರೂ ಪರವಾಗಿಲ್ವಾ?"

"ಒಂದ್ ದಿನದ ಮಾತು. ಸೋಮವಾರ ಕರಸ್ತೀನಿ. ನೀ ಮಾನ್ಯಾಗ ಫೋನ್ ಮಾಡಿ ಊರೆಲ್ಲ ಎಬ್ಬಿಸ್ಬ್ಯಾಡ."

ನಳಿನಿ ಫೋನ್ ಮಾಡಲಿಲ್ಲ. ಮಾಡಿದರೆ ಏನು ಕೊಟ್ಟಿರಿ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರ ಅವಳ ಹತ್ತಿರವೇ ಇತ್ತು. ಹೇಳಲೇಬೇಕಾದ ಹೊತ್ತು ದಾಟಿಹೋಗಿದೆ, ಇನ್ನು ಹೇಳಿದರೆ ಇಷ್ಟು ದಿನ ಹೇಳದ್ದೇ ತಪ್ಪಾಗುತ್ತದೆ ಎಂದು ಹೆದರಿದಳು.

ಜಯದೇವಿಯವರು ತಮಗೆ ತಿಳಿದ ಮದ್ದು ಮಾಡಿದರು. ಕಾಲುನೋವಿಗೆ ಬೆಲ್ಲ, ಶುಂಠಿ, ಅಜವಾನ ಕುಟ್ಟಿ ಉಂಡೆ ಕಟ್ಟಿ ದಿನಕ್ಕೆರಡು ಸಲ ತಿನ್ನಿಸಿದರು. ನಳಿನಿ ಶುಂಠಿ ಸಿಪ್ಪೆ ಬಿಡಿಸಿಕೊಟ್ಟಳು.

ಶನಿವಾರ ಹೊರಡುವ ಮೊದಲು ಶ್ರೀಶೈಲ್ ಲಾಯದ ಕಪಾಟಿನಿಂದ ಹಿಂದೆಂದೋ ಡಾಕ್ಟರು ಕೊಟ್ಟು ಉಳಿದಿದ್ದ ನೋವಿನ ಪುಡಿ ತೆಗೆದು, ಒಂದರ ಬದಲು ಎರಡು ಪೊಟ್ಟಣ ನೀರಲ್ಲಿ ಕಲಸಿ ಕುದುರೆಯ ಬಾಯಿಗೆ ಬಿಟ್ಟ. ಖಾಲಿ ಪೊಟ್ಟಣಗಳನ್ನು ಅಡುಗೆಮನೆಯ ಕಸದ ಡಬ್ಬಿಗೆ ಹಾಕಿದ. ನಳಿನಿ ಅದರ ಮೇಲೆ ಕಾಫಿ ಚರಟ ಸುರಿದಳು. ಕುದುರೆ ಟ್ರೇಲರ್ ಹತ್ತಿತು. ನಿಜವಾಗಿ ಚೆನ್ನಾಗಿಯೇ ಹತ್ತಿತು.

ಹ್ಯೂಸ್ಟನ್‌ನ ಹೋಟೆಲಿನ ಪಾರ್ಕಿಂಗ್‌ನಲ್ಲಿ ಡೋಲು, ಡಿಜೆ, ನೂರಾರು ಜನ. ಕಾಯ್ದ ಡಾಂಬರಿನ ಮೇಲೆ ಜರಿ ಹೊದಿಸಿದ ಗೌರಿ, ಮೇಲೆ ಪೇಟ ಕಟ್ಟಿದ ಆಶ್ರಿತ್. ಡೋಲಿನವನು ಹತ್ತಿರ ಬಂದಾಗಲೆಲ್ಲ ಕುದುರೆ ಮುಂಗಾಲು ಬದಲಿಸಿ ಬದಲಿಸಿ ಎತ್ತುತ್ತಿತ್ತು. "ಅರೆ, ಘೋಡಿ ಭಿ ನಾಚ್ ರಹೀ ಹೈ," ಎಂದು ಪಂಜಾಬಿ ಹೆಂಗಸರು ಕುದುರೆಯೂ ಕುಣಿಯುತ್ತಿದೆ ಎಂದುಕೊಂಡು ಫೋನೆತ್ತಿ ವಿಡಿಯೋ ಮಾಡಿದರು. ರಾಜಗೋಪಾಲ ಶ್ರೀಶೈಲನನ್ನು ತಬ್ಬಿಕೊಂಡು ಎಲ್ಲರಿಗೂ ಪರಿಚಯಿಸಿದ. ಶ್ರೀಶೈಲನ ಕಾಲು ಅವತ್ತು ನೆಲದ ಮೇಲೆ ಇರಲಿಲ್ಲ. ಜಯದೇವಿಯವರೊಬ್ಬರೇ ಕುದುರೆಯ ಪಕ್ಕ ನಡೆಯುತ್ತ, "ಸಾಕಪ್ಪ, ಇಳೀರಪ್ಪ," ಎನ್ನುತ್ತಿದ್ದರು. ಡೋಲಿನಲ್ಲಿ ಅದು ಯಾರಿಗೆ ಕೇಳಬೇಕು.

ಊಟ ಮುಗಿಸಿ ವಾಪಸು ಹೊರಟವರು ಭಾರತೀಯರ ಅಂಗಡಿಗಳಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನಲ್ಲಿ ನಿಲ್ಲಿಸಿದರು. ಡಲ್ಲಾಸಿನಲ್ಲಿ ಸಿಗುವ ಬೆಲ್ಲ ಉಪ್ಪುಪ್ಪು ಎಂದು ಜಯದೇವಿಯವರ ಹಳೆಯ ದೂರು. ಅಲ್ಲಿನ ಹಿಲ್‌ಕ್ರಾಫ್ಟ್ ರಸ್ತೆಯ ಅಂಗಡಿಯಲ್ಲಿ ಅವರು ಬೆಲ್ಲ ಮುರಿದು ಮೂಸಿ ನೋಡಿ ಒಂದು ಪೆಟ್ಟಿಗೆಯನ್ನೇ ಕೊಂಡರು. ನಳಿನಿ ಸೀರೆಗೆ ಫಾಲ್ ತೆಗೆದುಕೊಂಡಳು. ಬಿಸಿಲಿನಲ್ಲಿ ನಿಂತ ಟ್ರೇಲರ್‌ನೊಳಗೆ ಕುದುರೆ ಒಮ್ಮೆ ಗೋಡೆಗೆ ಒದ್ದದ್ದು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

ಮಾರನೆಯ ದಿನ ಕುದುರೆ ಏಳಲಿಲ್ಲ.

ಶ್ರೀಶೈಲ್ ಡಾಕ್ಟರಿಗೆ ಫೋನ್ ಮಾಡುವ ಮೊದಲೇ ಮದುವೆಯ ವಿಡಿಯೋ ಆಸ್ಟಿನ್ ತಲುಪಿತ್ತು. ಯಾರೋ ಕಳಿಸಿದ್ದರು. ಕುದುರೆ ಕುಣಿಯುತ್ತಿಲ್ಲ ಎಂದು ಅದರಲ್ಲಿ ಗೊತ್ತಾದದ್ದು ಮಾನ್ಯಾಳೊಬ್ಬಳಿಗೇ. ಅವಳು ಯಾರಿಗೂ ಹೇಳದೆ ಡ್ರೈವ್ ಮಾಡಿಕೊಂಡು ಬಂದಳು, ಮನೆಯೊಳಗೆ ಕಾಲಿಡದೆ ನೇರ ಲಾಯಕ್ಕೆ ಹೋದಳು.

ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದಳು. ಗೊರಸಿನೊಳಗಿನ ಮೂಳೆ ಕಳಚಿ ಕೆಳಗಿಳಿದು ಅಂಗಾಲಿಗೆ ತೂತು ಮಾಡಿತ್ತು. ಮುಂಗಾಲು ಎರಡೂ ಹಾಗೇ. ಇನ್ನು ಸಾಯಿಸಿ ನೋವು ಮುಗಿಸುವುದೊಂದೇ ದಾರಿ ಎಂದು ಸೂಜಿ ತೆಗೆದಿಟ್ಟಳು. ಇದು ಒಂದು ದಿನದಲ್ಲಿ ಆದದ್ದಲ್ಲ ಎಂದಳು, ಏನು ತಿನ್ನಿಸುತ್ತಿದ್ದಿರಿ ಎಂದು ಕೇಳಿದಳು.

ಶ್ರೀಶೈಲನಿಗೆ ಆ ಪ್ರಶ್ನೆಯೇ ಸಾಕಾಯಿತು. ಅವ್ವ ಕುದುರೆಗೆ ಬೆಲ್ಲ ಕೊಡುವುದನ್ನು ಅವನೂ ಅಲ್ಲೊಮ್ಮೆ ಇಲ್ಲೊಮ್ಮೆ ಕಂಡಿದ್ದ, ಕಂಡೂ ಕಾಣದಂತೆ ಆಫೀಸಿಗೆ ಹೋಗಿದ್ದ. ಈಗ ಇಂಗ್ಲಿಷಿನಲ್ಲಿ ಪಟಪಟನೆ ಹೇಳಿದ: ನನ್ನ ತಾಯಿ ದಿನಾ ಬೆಲ್ಲ ಕೊಡುತ್ತಿದ್ದರು. ಹಬ್ಬದ ಸಿಹಿಯನ್ನೂ ಕೊಟ್ಟರು. ಪುಡಿಯ ಮಾತು ಎತ್ತಲಿಲ್ಲ. ಮದುವೆಯಲ್ಲಿ ಸುಮ್ಮನೆ ನಿಂತಿತ್ತು, ಅಷ್ಟೇ ಎಂದ.

ಮಾನ್ಯಾ ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಲೆ ಎತ್ತಿದಳು. "ಅಜ್ಜಿಗೆ ಹೇಳಿ ಅಂತ ನಾನು ನಿಮಗೆ ಹೇಳಿ ಹೋಗಿದ್ದೆನಲ್ಲ? ಹೇಳಿದಿರಾ, ಇಲ್ಲವಾ?"

"ಹೇಳಿದ್ವಿ," ಎಂದ ಶ್ರೀಶೈಲ್. "ಎಷ್ಟ್ ಸಲ ಹೇಳಿದ್ವಿ. ಕೇಳಬೇಕಲ್ಲ?"

ಇದನ್ನು ಅವನು ಕನ್ನಡದಲ್ಲೇ ಹೇಳಿದ್ದರಿಂದ ಜಯದೇವಿಯವರಿಗೂ ತಿಳಿಯಿತು. ಅವರು ಮಗನನ್ನು ನೋಡಿದರು. ಆಮೇಲೆ ಸೊಸೆಯನ್ನು ನೋಡಿದರು. ನಳಿನಿ ಕಾಲಿನ ಹತ್ತಿರ ಬಿದ್ದಿದ್ದ ಹುಲ್ಲಿನ ಕಡ್ಡಿ ನೋಡುತ್ತ ನಿಂತಳು.

ಮಾನ್ಯಾ ಅಜ್ಜಿಯ ಜೊತೆ ಎಂದೂ ಇಂಗ್ಲಿಷ್ ಬಿಟ್ಟು ಮಾತಾಡಿದವಳಲ್ಲ. ಅವತ್ತು ಒಂದೊಂದೇ ಪದ ಹುಡುಕಿ ಜೋಡಿಸಿದಳು.

"ಗೊತ್ತಿದ್ದೂ ಕೊಟ್ರಾ, ಅಜ್ಜಿ?"

ಮಗ ಸುಳ್ಳು ಹೇಳಿದ ಎಂದು ಪರ ಊರಿನ ಡಾಕ್ಟರ ಎದುರು, ಮೊಮ್ಮಗಳ ಎದುರು ಹೇಳಲು ಜಯದೇವಿಯವರಿಂದ ಆಗಲಿಲ್ಲ. "ನಾ ಕೊಟ್ಟದ್ದು ಖರೆ," ಎಂದರು. "ಆದ್ರ ಸಾಯಸಬ್ಯಾಡ ಅನ್ನು ಆ ಡಾಕ್ಟರಗ. ನಾ ಕೂತು ನೋಡ್ಕೊಂತೀನಿ. ಹಗಲೂ ರಾತ್ರಿ ಕೂತು ನೋಡ್ಕೊಂತೀನಿ."

ಆ ಮಾತನ್ನು ಡಾಕ್ಟರಿಗೆ ಯಾರೂ ದಾಟಿಸಲಿಲ್ಲ. ಮಾನ್ಯಾ ಆಗಲಿ ಎಂದು ತಲೆಯಾಡಿಸಿದಳು, ಸೂಜಿ ಇಳಿಯಿತು. ಗೌರಿಯ ಕಣ್ಣು ತೆರೆದೇ ಇತ್ತು. ಹೂಳಲು ಯಂತ್ರ ಬರುವ ತನಕ ಮಾನ್ಯಾ ಕಾದಳು. ಸಂಜೆ ಊಟ ಮಾಡದೆ ಆಸ್ಟಿನ್‌ಗೆ ಹಿಂತಿರುಗಿದಳು. ಅಜ್ಜಿ ಡಬ್ಬಿಯಲ್ಲಿ ಕಟ್ಟಿಟ್ಟ ರೊಟ್ಟಿ ಪಲ್ಯ ಮೇಜಿನ ಮೇಲೇ ಉಳಿಯಿತು.

ಆಮೇಲಿನ ವಾರಗಳಲ್ಲಿ ಮನೆ ಸದ್ದಿಲ್ಲದೆ ನಡೆಯಿತು. ಶ್ರೀಶೈಲ್ ಬೇಗ ಹೋಗಿ ತಡವಾಗಿ ಬಂದ. ರ‍್ಯಾಂಚ್ ಮಾರಿಬಿಡುವ ಮಾತು ಎರಡು ಸಲ ಎತ್ತಿದ. ಮಾನ್ಯಾ ಭಾನುವಾರ ಅಮ್ಮನಿಗೆ ಮಾತ್ರ ಫೋನ್ ಮಾಡುತ್ತಿದ್ದಳು.

"ಅಜ್ಜಿ ಇಲ್ಲೇ ಇದಾರೆ, ಒಂದ್ನಿಮಿಷ ಮಾತಾಡ್ತೀಯಾ?"

"ಬೇಡ ಅಮ್ಮ. ಅವರ ಧ್ವನಿ ಕೇಳಲು ನನ್ನಿಂದಾಗದು."

ಧ್ವನಿ ಫೋನಿನಿಂದ ಹೊರಗೂ ಕೇಳುವಷ್ಟು ಜೋರಾಗಿತ್ತು. ಜಯದೇವಿಯವರು ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದರು. ಬ್ರೆಡ್ಡು ತಿಂದುಕೊಂಡಿದ್ದರು. ಅಡುಗೆಮನೆ ಈಗ ಪೂರ್ತಿ ನಳಿನಿಯದು. ಕಟ್ಟೆ ಒರೆಸಲು ಏನೂ ಇರಲಿಲ್ಲ.

ಒಂದು ಬೆಳಗ್ಗೆ ಅವಳು ಕೆಳಗೆ ಬಂದಾಗ ರೊಟ್ಟಿಯ ಸದ್ದು ಕೇಳಿತು. ಅತ್ತೆ ಹಿಟ್ಟು ನಾದಿ, ಒಲೆಯ ಮೇಲೆ ಹಂಚು ಇಟ್ಟು, ಒದ್ದೆ ಬಟ್ಟೆಯಿಂದ ರೊಟ್ಟಿಯ ಮೇಲೆ ನೀರು ಸವರುತ್ತಿದ್ದರು. ತಿರುಗದೆಯೇ ಮಾತಾಡಿದರು.

"ನಳಿನಿ, ಆ ಹುಡುಗಿ ಬೆಲ್ಲ ಕೊಡಬಾರದು ಅಂತ ನಿಮಗ ಹೇಳಿ ಹೋಗಿದ್ಲು, ಹೌದಿಲ್ಲೋ?"

"ಹೌದು, ಅತ್ತೆ."

"ನೀ ದಿನಾ ಕಿಡಕ್ಯಾಗಿಂದ ನೋಡ್ತಿದ್ದಿ. ನಾ ತಿರುಗಿದಾಗ ನಕ್ಕಿದ್ದಿ. ಸೊಸಿ ಮನಸಿಗೂ ಬಂದೈತಿ ಅಂದ್ಕೊಂಡೆ ನಾ."

"ಹೇಳಿದ್ರೆ ನೀವು ಕೇಳ್ತಿರಲಿಲ್ಲ, ಅತ್ತೆ."

"ಹೇಳಿ ನೋಡಿದ್ದೇನು?"

ನಳಿನಿ ಬಟ್ಟೆ ತೆಗೆದುಕೊಂಡು ಕಟ್ಟೆಯ ಹಿಟ್ಟು ಒರೆಸಿದಳು.

"ಹೋಗ್ಲಿ. ಶ್ರೀಶೈಲ ಪುಡಿ ಹಾಕಿದ್ದೂ ನಾ ನೋಡೀನಿ, ನೀನೂ ನೋಡೀದಿ. ಅವ ನನ್ನ ಮಗ, ಅವನ ಸುಳ್ಳ ನಾ ಹೊತ್ಕೊಂತೀನಿ. ಆದ್ರ ಮೊಮ್ಮಗಳು ನನ್ನ ಕಟುಕಳು ಅಂದ್ಕೊಂಡಾಳ. ನಾಳಿ ಭಾನುವಾರ ಐತಿ. ಆಕಿ ಫೋನ್ ಮಾಡ್ತಾಳ. ಅಜ್ಜಿಗೆ ನಾವು ಹೇಳಿರಲಿಲ್ಲ ಅಂತ ಒಂದ ಮಾತ ಹೇಳ್ತಿ?"

ನಳಿನಿ ಕುರ್ಚಿಯ ಬೆನ್ನು ಹಿಡಿದು ನಿಂತಳು. ಹೇಳಿದರೆ ಮಗಳ ಭಾನುವಾರದ ಫೋನು ತನಗೂ ನಿಲ್ಲುತ್ತದೆ. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಅತ್ತೆ ಅದನ್ನು ತಿರುವಿ ಹಾಕಿ, ಬೇಯುವ ತನಕ ಕಾದರು. ಸೊಸೆಯ ಬಾಯಿಂದ ಏನೂ ಬರಲಿಲ್ಲ.

ಜಯದೇವಿಯವರು ರೊಟ್ಟಿ ತೆಗೆದು, ಗೌರಿಗೆಂದು ಇಟ್ಟಿದ್ದ ಅದೇ ತಟ್ಟೆಗೆ ಹಾಕಿದರು. ಹಿಲ್‌ಕ್ರಾಫ್ಟ್‌ನಿಂದ ತಂದ ಪೆಟ್ಟಿಗೆ ಒಡೆದು ದೊಡ್ಡ ಅಚ್ಚು ಬೆಲ್ಲ ಮೇಲಿಟ್ಟರು. ತಟ್ಟೆಯನ್ನು ಮೇಜಿನ ಮೇಲೆ ನಳಿನಿಯ ಮುಂದೆ ಸರಿಸಿದರು.

"ಇವತ್ತಿಂದ ಮೊದಲನೇ ರೊಟ್ಟಿ ನಿನಗ," ಎಂದರು. "ಮನ್ಯಾಗಿನ ಮೂಕ ಜೀವಕ್ಕ ಕೊಡೂದು ಪದ್ಧತಿ."

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಳಿನಿ ಕುರ್ಚಿ ಎಳೆದು ಕೂತಳು. ರೊಟ್ಟಿ ಮುರಿದು, ಬೆಲ್ಲ ಒತ್ತಿ, ತಿಂದಳು. ಕೊನೆಯ ತುತ್ತು ಇಳಿಯುವ ತನಕ ನಿಂತು ನೋಡಿದ ಜಯದೇವಿಯವರು ಎರಡನೆಯದಕ್ಕೆ ಹಿಟ್ಟು ತೆಗೆದುಕೊಂಡರು.